ಅಪ್ಪ–ಅಮ್ಮನಿಗೆ ಯಾವ ಆರೋಗ್ಯ ಕಾರ್ಡ್? ಹಿರಿಯರ ಸರ್ಕಾರಿ ಯೋಜನೆಗಳ ಹೋಲಿಕೆ

ಕೇಂದ್ರದ ‘ಎಪ್ಪತ್ತು ವರ್ಷದ ಕಾರ್ಡ್’ ಮಾಡಿಸಿದರೆ ರಾಜ್ಯದ ಕಾರ್ಡ್ ಹೋಗುತ್ತದೆಯೇ? ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ, ಪಿಂಚಣಿದಾರರ ಆರೋಗ್ಯ ಯೋಜನೆ) ಇರುವವರಿಗೆ ಆ ಐದು ಲಕ್ಷದ ಕಾರ್ಡ್ ಬೇಕೇ? ಹತ್ತು ವರ್ಷದಿಂದ ಕಟ್ಟುತ್ತಾ ಬಂದ ಖಾಸಗಿ ಪಾಲಿಸಿಯನ್ನು ಈಗ ನಿಲ್ಲಿಸಬಹುದೇ? ವಯಸ್ಸಾದ ತಂದೆ–ತಾಯಿ ಇರುವ ಮನೆಗಳಲ್ಲಿ ಮಾತು ಸುತ್ತುವುದು ಈ ಮೂರು ಪ್ರಶ್ನೆಗಳ ಸುತ್ತಲೇ. ಉತ್ತರ ಮನೆಯಿಂದ ಮನೆಗೆ ಬೇರೆಯಾಗುತ್ತದೆ. ಹಾಗಾಗಿ ಯೋಜನೆಗಳ ಹೆಸರು ಸ್ವಲ್ಪ ಹೊತ್ತು ಬದಿಗಿರಲಿ. ಏನನ್ನು ಅಳೆಯಬೇಕು ಎಂಬುದು ಮೊದಲು ತೀರ್ಮಾನವಾಗಲಿ.

ಅಳತೆಗೋಲು

ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಕಾಣುವುದು ‘5 ಲಕ್ಷ ರೂ.’. ಆದರೆ ಆ ಹಣ ಎಷ್ಟು ಎನ್ನುವುದಕ್ಕಿಂತ ಯಾವುದಕ್ಕೆ ಸಿಗುತ್ತದೆ ಎಂಬುದೇ ಹಿರಿಯರಿಗೆ ಮುಖ್ಯ. ವಯಸ್ಸಾದವರ ಖರ್ಚು ಎರಡು ದಾರಿಯಲ್ಲಿ ಹೋಗುತ್ತದೆ. ಒಂದು, ಆಸ್ಪತ್ರೆಗೆ ಅಡ್ಮಿಟ್ ಆದಾಗ ಒಮ್ಮೆಲೇ ಬಂದು ಬೀಳುವ ಬಿಲ್. ಇನ್ನೊಂದು ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಡಾಕ್ಟರ ಫೀಸು ಎಂದು ತಿಂಗಳು ತಿಂಗಳು ಸೋರಿಹೋಗುವ ಹಣ. ಕೇಂದ್ರದ ಆಯುಷ್ಮಾನ್, ರಾಜ್ಯದ ಆರೋಗ್ಯ ಕರ್ನಾಟಕ, ಸಹಕಾರ ಸಂಘದ ಸದಸ್ಯರ ಯಶಸ್ವಿನಿ ಈ ಮೂರೂ ಇರುವುದು ಮೊದಲನೆಯದಕ್ಕೆ. ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್, ಕಾರ್ಖಾನೆ–ಕಂಪನಿಗಳ ಕಡಿಮೆ ಸಂಬಳದ ನೌಕರರ ಇಎಸ್‌ಐ ಎರಡನ್ನೂ ನೋಡಿಕೊಳ್ಳುತ್ತವೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲೇ ಕಳೆಯಿತು.

ಎರಡನೆಯದು, ಕಾರ್ಡ್ ಯಾರಿಗೆ ಅನ್ವಯಿಸುತ್ತದೆ ಎಂಬುದು. ಇಡೀ ಕುಟುಂಬಕ್ಕೋ, ಗಂಡ–ಹೆಂಡತಿಗೋ, ಒಬ್ಬರಿಗೋ? ಮನೆಯಲ್ಲಿ ಒಬ್ಬರಿಗೆ 74, ಇನ್ನೊಬ್ಬರಿಗೆ 68 ಇದ್ದರೆ ಲೆಕ್ಕವೇ ಬದಲಾಗುತ್ತದೆ.

ಮೂರನೆಯದು, ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಎಂಬುದು. ಸೀದಾ ಖಾಸಗಿ ಆಸ್ಪತ್ರೆಗೆ ಹೋಗಬಹುದೋ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೋ? ನಡೆಯಲಾಗದವರನ್ನು ಎರಡು ಕಡೆ ಕರೆದೊಯ್ಯುವುದು ಸಣ್ಣ ಮಾತಲ್ಲ.

ನಾಲ್ಕನೆಯದು, ನಿಮ್ಮ ಮನೆಗೆ ಹತ್ತಿರದ ಆಸ್ಪತ್ರೆ ಆ ಯೋಜನೆಯ ಪಟ್ಟಿಯಲ್ಲಿ ಇದೆಯೇ, ಅದೂ ನಿಮಗೆ ಬೇಕಾದ ವಿಭಾಗಕ್ಕೆ ಇದೆಯೇ ಎಂಬುದು. ಒಂದೇ ಆಸ್ಪತ್ರೆ ಕಣ್ಣಿಗೆ ನೋಂದಣಿಯಾಗಿದ್ದು ಹೃದಯಕ್ಕೆ ಆಗಿರದೇ ಇರಬಹುದು. ‘ಇಲ್ಲಿ ಆಯುಷ್ಮಾನ್ ನಡೆಯುತ್ತದೆ’ ಎಂಬ ಬೋರ್ಡ್ ನೋಡಿ ಬಂದು ವಾಪಸ್ ಹೋಗುವವರಲ್ಲಿ ಬಹಳ ಜನರಿಗೆ ಆಗುವುದು ಇದೇ.

ಕೊನೆಯದು, ಕೈಬಿಟ್ಟರೆ ಮತ್ತೆ ಸಿಗುತ್ತದೆಯೇ ಎಂಬುದು. ಅರವತ್ತರ ನಂತರ ಒಂದು ಸೌಲಭ್ಯವನ್ನು ಬಿಡುವುದು ಸುಲಭ, ಮತ್ತೆ ಪಡೆಯುವುದು ಕಷ್ಟ. ಖಾಸಗಿ ಪಾಲಿಸಿಯಲ್ಲಂತೂ ಹಳೆಯ ಕಾಯಿಲೆಗೆ ಹಣ ಸಿಗಲು ಕಾಯುವ ಅವಧಿ ಮತ್ತೆ ಮೊದಲಿಂದ ಶುರು.

ಎಪ್ಪತ್ತು ದಾಟಿದವರ ಆಯುಷ್ಮಾನ್ ವಯ ವಂದನಾ

ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಶುರುವಾದದ್ದು 2018ರ ಸೆಪ್ಟೆಂಬರ್‌ನಲ್ಲಿ, ಬಡ ಕುಟುಂಬಗಳಿಗಾಗಿ. 2024ರ ಅಕ್ಟೋಬರ್ 29ರಂದು ಅದನ್ನು 70 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಲಾಯಿತು. ಆದಾಯ ಎಷ್ಟೇ ಇರಲಿ, ಪಿಂಚಣಿ ಬರಲಿ, ಮನೆ–ಜಮೀನು ಇರಲಿ, ಅದಾವುದೂ ಅಡ್ಡಿಯಲ್ಲ. ನೋಡುವುದು ಆಧಾರ್‌ನಲ್ಲಿರುವ ವಯಸ್ಸನ್ನು ಮಾತ್ರ.

ವರ್ಷಕ್ಕೆ 5 ಲಕ್ಷ ರೂ.ವರೆಗೆ ನಗದುರಹಿತ ಚಿಕಿತ್ಸೆ. ಕಂತು ಇಲ್ಲ. ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ. ಹಿರಿಯರ ಮಟ್ಟಿಗೆ ಇದು ದೊಡ್ಡ ವರ, ಏಕೆಂದರೆ ಎಪ್ಪತ್ತರ ನಂತರ ಹೊಸದಾಗಿ ಕೊಳ್ಳುವ ಯಾವ ಖಾಸಗಿ ಪಾಲಿಸಿಯೂ ಹಳೆಯ ಕಾಯಿಲೆಗೆ ಅಗ್ಗದಲ್ಲಿ, ಕಾಯಿಸದೆ ಹಣ ಕೊಡುವುದಿಲ್ಲ. ಅಡ್ಮಿಟ್ ಆಗುವ ಮುಂಚಿನ 3 ದಿನ ಮತ್ತು ಡಿಸ್ಚಾರ್ಜ್ ಆದ ಮೇಲಿನ 15 ದಿನದ ಪರೀಕ್ಷೆ, ಔಷಧಿಯೂ ಪ್ಯಾಕೇಜಿನಲ್ಲೇ (ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಒಟ್ಟು ದರದಲ್ಲೇ) ಸೇರಿರುತ್ತವೆ. ಹಾಸಿಗೆ ಜನರಲ್ ವಾರ್ಡಿನಲ್ಲಿ.

ಎಡವುವುದು ಎಲ್ಲಿ ಎಂದರೆ, ಮೊದಲನೆಯದಾಗಿ ಈ 5 ಲಕ್ಷ ತಲೆಗೊಂದರಂತೆ ಅಲ್ಲ. ಒಂದೇ ಕುಟುಂಬದಲ್ಲಿ ಗಂಡ–ಹೆಂಡತಿ ಇಬ್ಬರೂ 70 ದಾಟಿದ್ದರೆ ಇಬ್ಬರಿಗೂ ಸೇರಿ ಅಷ್ಟೇ. ಎರಡನೆಯದಾಗಿ, ಗಂಡನಿಗೆ 74, ಹೆಂಡತಿಗೆ 68 ಇದ್ದರೆ ಹೆಂಡತಿ ಈ ಕಾರ್ಡಿನಲ್ಲಿ ಇಲ್ಲವೇ ಇಲ್ಲ. ಮೂರನೆಯದಾಗಿ, ಮನೆ ಮೊದಲೇ ಬಡ ಕುಟುಂಬದ ಆಯುಷ್ಮಾನ್ ಪಟ್ಟಿಯಲ್ಲಿದ್ದರೆ 70 ದಾಟಿದವರಿಗೆ ಇನ್ನೂ 5 ಲಕ್ಷ ಪ್ರತ್ಯೇಕವಾಗಿ ಸಿಗುತ್ತದೆ. ಅದನ್ನು ಕಿರಿಯರೊಂದಿಗೆ ಹಂಚಿಕೊಳ್ಳಬೇಕಿಲ್ಲ. ಇದು ಗೊತ್ತಿಲ್ಲದೆ ‘ನಮಗೆ ಮೊದಲೇ ಇದೆಯಲ್ಲ’ ಎಂದು ಹೊಸ ಕಾರ್ಡ್ ಮಾಡಿಸದೆ ಬಿಟ್ಟ ಮನೆಗಳು ಬಹಳ.

ಇಎಸ್‌ಐ ಇರುವವರು, ಖಾಸಗಿ ಪಾಲಿಸಿ ಇರುವವರು ಅವನ್ನು ಉಳಿಸಿಕೊಂಡೇ ಈ ಕಾರ್ಡನ್ನೂ ಪಡೆಯಬಹುದು. ಸಿಜಿಎಚ್‌ಎಸ್, ಇಸಿಎಚ್‌ಎಸ್ ಮತ್ತು ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಆಯುಷ್ಮಾನ್ ಇರುವವರಿಗೆ ಹಾಗಿಲ್ಲ. ಅದೋ ಇದೋ ಒಂದನ್ನೇ ಆರಿಸಿಕೊಳ್ಳಬೇಕು.

ಕರ್ನಾಟಕದವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕೇಂದ್ರ ಘೋಷಿಸಿದರೂ ಆಸ್ಪತ್ರೆಗೆ ಹಣ ಬರುವುದು ರಾಜ್ಯದ ಸಂಸ್ಥೆಯ ಮೂಲಕ. ಇಲ್ಲಿ ಅದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಯೋಜನೆ ಶುರುವಾದ ಹೊಸತರಲ್ಲಿ ಮೊಬೈಲ್‌ನಲ್ಲಿ ಕಾರ್ಡ್ ಬಂದಿದ್ದರೂ, ರಾಜ್ಯದ ಆದೇಶ ಬಂದಿಲ್ಲ ಎಂದು ಆಸ್ಪತ್ರೆಗಳಲ್ಲಿ ಹಿರಿಯರಿಗೆ ಸೌಲಭ್ಯ ಸಿಗದ ಪ್ರಸಂಗಗಳು ನಡೆದವು. ಹಾಗಾಗಿ ಕಾರ್ಡ್ ಕೈಗೆ ಬಂದ ಮಾತ್ರಕ್ಕೆ ಬೇರೆ ಯಾವುದನ್ನೂ ಬಿಡಬೇಡಿ. ನೀವು ಹೋಗುವ ಆಸ್ಪತ್ರೆಯ ಆರೋಗ್ಯ ಮಿತ್ರರ (ಅಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಸಿಬ್ಬಂದಿ) ಬಳಿ ‘ಎಪ್ಪತ್ತು ದಾಟಿದವರ ವಯ ವಂದನಾ ಕಾರ್ಡಿನಲ್ಲಿ ಇಲ್ಲಿ ಅಡ್ಮಿಟ್ ಮಾಡಿಕೊಳ್ಳುತ್ತಿದ್ದೀರಾ’ ಎಂದೇ ಕೇಳಿ. ‘ಆಯುಷ್ಮಾನ್ ಇದೆಯಾ’ ಎಂದಷ್ಟೇ ಕೇಳಿದರೆ ಬರುವ ‘ಹೌದು’, ಬಿಪಿಎಲ್ ಕಾರ್ಡಿನ ಯೋಜನೆಯ ಬಗ್ಗೆ ಇರಬಹುದು.

ಆರೋಗ್ಯ ಕರ್ನಾಟಕ: ಬಿಪಿಎಲ್‌ಗೊಂದು ಲೆಕ್ಕ, ಎಪಿಎಲ್‌ಗೊಂದು ಲೆಕ್ಕ

2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕವನ್ನು ಕೇಂದ್ರದ ಯೋಜನೆಯ ಜೊತೆ ಸೇರಿಸಿ ಒಂದೇ ಮಾಡಲಾಯಿತು. ಇಲ್ಲಿ ವಯಸ್ಸಿನ ಪ್ರಶ್ನೆಯೇ ಇಲ್ಲ. ಇಡೀ ಮನೆಗೆ ಒಟ್ಟಾಗಿ ಅನ್ವಯ. ಮೊದಲೇ ಇರುವ ಕಾಯಿಲೆಗೆ ಕಾಯಬೇಕಿಲ್ಲ. ಬಿಪಿಎಲ್ ಅಥವಾ ಅಂತ್ಯೋದಯ ಪಡಿತರ ಚೀಟಿ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಪೂರ್ತಿ ಉಚಿತ.

ಎಪಿಎಲ್ ಮನೆಗಳಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಅವರಿಗೆ ಸಿಗುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷ ರೂ. ಮಿತಿಯೊಳಗೆ. ಲೆಕ್ಕ ಬಿಡಿಸಿ ನೋಡಿ. ಒಂದು ಶಸ್ತ್ರಚಿಕಿತ್ಸೆಯ ಸರ್ಕಾರಿ ಪ್ಯಾಕೇಜ್ ದರ 1 ಲಕ್ಷ ಎಂದಿಟ್ಟುಕೊಳ್ಳಿ. ಸರ್ಕಾರ ಕೊಡುವುದು 30,000. ಉಳಿದ 70,000 ಮನೆಯವರದ್ದು. ಈ ಶೇ. 30ರ ಲೆಕ್ಕ ನಡೆಯುವುದು ಪ್ಯಾಕೇಜ್ ದರದ ಮೇಲೆಯೇ ಹೊರತು ಆಸ್ಪತ್ರೆಯ ಮಾಮೂಲಿ ಬಿಲ್ಲಿನ ಮೇಲಲ್ಲ. ‘ನಮ್ಮ ಹತ್ತಿರ ಆರೋಗ್ಯ ಕರ್ನಾಟಕ ಕಾರ್ಡ್ ಇದೆ, ಐದು ಲಕ್ಷ ಬರುತ್ತೆ’ ಎಂದುಕೊಂಡು ಖಾಸಗಿ ಪಾಲಿಸಿ ಬಿಟ್ಟ ಎಪಿಎಲ್ ಮನೆಗೆ, ಡಿಸ್ಚಾರ್ಜ್ ದಿನ ಕೌಂಟರ್ ಮುಂದೆ ನಿಂತಾಗ ಈ ಸತ್ಯ ತಿಳಿಯುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಇನ್ನೊಂದು ಮುಖ್ಯ ಸಂಗತಿ ರೆಫರಲ್. ತುರ್ತಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಸರಳ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಗೇ ಮೀಸಲು. ಎದೆನೋವು, ಪಾರ್ಶ್ವವಾಯು, ಬಿದ್ದು ಮೂಳೆ ಮುರಿದಂಥ ತುರ್ತಿನಲ್ಲಿ ಚೀಟಿಗಾಗಿ ಅಲೆಯುತ್ತಾ ಕೂರಬೇಡಿ. ಹತ್ತಿರದ ನೋಂದಾಯಿತ ಆಸ್ಪತ್ರೆಗೆ ಕರೆದೊಯ್ದು, ದಾಖಲಾದ ಕೂಡಲೇ ಆರೋಗ್ಯ ಮಿತ್ರರಿಗೆ ಪಡಿತರ ಚೀಟಿ ಮತ್ತು ಆಧಾರ್ ತೋರಿಸಿ. ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿ ಇರುವುದಕ್ಕೆ ರೆಫರಲ್ ಬೇಕಿಲ್ಲ.

ರೆಫರಲ್ ಬೇಸರ ತರಿಸುತ್ತದೆ, ನಿಜ. ಆದರೆ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರವಿರುವ ಮನೆಗೆ ಇದು ಅಷ್ಟು ದೊಡ್ಡ ಅಡ್ಡಿಯಲ್ಲ. ಹೋಬಳಿಯಿಂದ ಎರಡು ಬಸ್ ಬದಲಿಸಿ ಬರಬೇಕಾದವರಿಗೆ ಅಡ್ಡಿಯೇ. ಅಂಥವರು ಕಾಯಿಲೆ ಬಿಗಡಾಯಿಸುವ ಮುನ್ನವೇ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ ಕಾಗದ ಸಿದ್ಧ ಮಾಡಿಕೊಳ್ಳುವುದು ಒಳ್ಳೆಯದು.

ಸಿಜಿಎಚ್‌ಎಸ್ ಮತ್ತು ಇಸಿಎಚ್‌ಎಸ್: ಇದ್ದವರು ಬಿಡಬೇಡಿ

ಕೇಂದ್ರ ಸರ್ಕಾರದಿಂದ ನಿವೃತ್ತರಾದವರಿಗೆ ಸಿಜಿಎಚ್‌ಎಸ್. ನಿವೃತ್ತಿಯ ಹೊತ್ತಿನ ವೇತನ ಹಂತ ನೋಡಿ ತಿಂಗಳ ವಂತಿಗೆ: 1ರಿಂದ 5ನೇ ಹಂತಕ್ಕೆ 250 ರೂ., 6ಕ್ಕೆ 450, 7ರಿಂದ 11ಕ್ಕೆ 650, 12 ಮತ್ತು ಮೇಲಿನವರಿಗೆ 1,000. ವರ್ಷವರ್ಷ ಕಟ್ಟಬಹುದು, ಅಥವಾ ಹತ್ತು ವರ್ಷದ ಮೊತ್ತವನ್ನು ಒಮ್ಮೆಲೇ ಕಟ್ಟಿ ಜೀವನಪೂರ್ತಿ ಕಾರ್ಡ್ ಪಡೆಯಬಹುದು. 7ನೇ ಹಂತದವರಿಗೆ ಅದು 78,000 ರೂ. ಆಗುತ್ತದೆ. ನಿವೃತ್ತಿಯ ಹಣ ಕೈಗೆ ಬಂದಾಗಲೇ ಇದನ್ನು ಕಟ್ಟಿಬಿಡುವುದು ಜಾಣತನ ಎಂದು ಯಾವ ಅನುಮಾನವೂ ಇಲ್ಲದೆ ಹೇಳಬಹುದು.

ಇಲ್ಲಿ ಡಾಕ್ಟರನ್ನು ತೋರಿಸಿಕೊಳ್ಳುವುದು, ತಿಂಗಳ ಮಾತ್ರೆ, ಪರೀಕ್ಷೆ, ಆಸ್ಪತ್ರೆವಾಸ ಎಲ್ಲವೂ ಬರುತ್ತವೆ. 5 ಲಕ್ಷದಂಥ ವಾರ್ಷಿಕ ಮಿತಿ ಇಲ್ಲ. ಗಂಡ–ಹೆಂಡತಿ ಇಬ್ಬರೂ ಇದ್ದಾರೆ, ಸಂಗಾತಿಗೆ 70 ಆಗಿರಬೇಕು ಎಂಬ ಷರತ್ತಿಲ್ಲ. 70 ದಾಟಿದವರು ರೆಫರಲ್ ಇಲ್ಲದೆಯೇ ನೋಂದಾಯಿತ ಖಾಸಗಿ ಆಸ್ಪತ್ರೆಯ ತಜ್ಞರನ್ನು ನೋಡಬಹುದು. ಇದನ್ನು ಬಿಟ್ಟುಕೊಟ್ಟು ವಯ ವಂದನಾ ಕಾರ್ಡ್ ಆರಿಸಿಕೊಳ್ಳುವುದಕ್ಕೆ ಸಾಮಾನ್ಯ ಮನೆಯಲ್ಲಿ ಯಾವ ಕಾರಣವೂ ಕಾಣುವುದಿಲ್ಲ.

ಕೊರತೆ ಎಂದರೆ ಊರು. ಸಿಜಿಎಚ್‌ಎಸ್ ವ್ಯವಸ್ಥೆ ಗಟ್ಟಿಯಾಗಿರುವುದು ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ. ನಿವೃತ್ತಿಯ ಮೇಲೆ ಸ್ವಂತ ಊರಿಗೆ ಹೋಗಿ ನೆಲೆಸಿದವರಿಗೆ ಸಿಜಿಎಚ್‌ಎಸ್‌ನ ಚಿಕಿತ್ಸಾಲಯವಾದ ವೆಲ್‌ನೆಸ್ ಸೆಂಟರ್ ದೂರ. ಸಿಜಿಎಚ್‌ಎಸ್ ಇಲ್ಲದ ಕಡೆ ಇರುವ ಪಿಂಚಣಿದಾರರಿಗೆ ತಿಂಗಳಿಗೆ 1,000 ರೂ. ನಿಶ್ಚಿತ ವೈದ್ಯಕೀಯ ಭತ್ಯೆ ಇದೆ. ಹೊರರೋಗಿ ಖರ್ಚಿಗೆ ಆ ಭತ್ಯೆ ಇಟ್ಟುಕೊಂಡು, ವಂತಿಗೆ ಕಟ್ಟಿ, ಅಡ್ಮಿಟ್ ಆಗುವ ಸಂದರ್ಭಕ್ಕೆ ಹತ್ತಿರದ ನಗರದ ಸಿಜಿಎಚ್‌ಎಸ್ ಕಾರ್ಡ್ ಇಟ್ಟುಕೊಳ್ಳುವ ಅವಕಾಶವೂ ಇದೆ. ಊರಲ್ಲಿರುವವರಿಗೆ ಇದೇ ಸರಿಯಾದ ಜೋಡಿ.

ಮಾಜಿ ಸೈನಿಕರಿಗೆ 2003ರಿಂದ ಇಸಿಎಚ್‌ಎಸ್ ಇದೆ. ರ‍್ಯಾಂಕ್ ಪ್ರಕಾರ ಒಂದೇ ಬಾರಿ ವಂತಿಗೆ ಕಟ್ಟಬೇಕು. ಪಾಲಿಕ್ಲಿನಿಕ್‌ನಲ್ಲಿ ಡಾಕ್ಟರು, ಔಷಧಿ. ಅಲ್ಲಿಂದ ರೆಫರಲ್ ಪಡೆದು ಖಾಸಗಿ ಆಸ್ಪತ್ರೆ. ತುರ್ತಿನಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದ್ದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಇದನ್ನು ಮರೆತಾಗಲೇ ಮರುಪಾವತಿ ಸಿಕ್ಕಿಹಾಕಿಕೊಳ್ಳುವುದು. ಪಾಲಿಕ್ಲಿನಿಕ್‌ನ ಫೋನ್ ನಂಬರನ್ನು ಮನೆಯ ಗೋಡೆಗೆ ಅಂಟಿಸಿಡಿ.

ಮಗ ಅಥವಾ ಮಗಳು ಕೇಂದ್ರ ಸರ್ಕಾರಿ ನೌಕರಿಯಲ್ಲಿದ್ದರೆ ಅವಲಂಬಿತ ತಂದೆ–ತಾಯಿಯೂ ಸಿಜಿಎಚ್‌ಎಸ್‌ಗೆ ಸೇರಬಹುದು. ಆದಾಯದ ಮಿತಿ ತಿಂಗಳಿಗೆ 9,000 ರೂ. ಮತ್ತು ಅದರ ಮೇಲಿನ ತುಟ್ಟಿಭತ್ಯೆ.

ಇಎಸ್‌ಐ: ವರ್ಷಕ್ಕೆ 120 ರೂ. ಕಟ್ಟಿ ಎರಡು ಜೀವಗಳಿಗೆ ಚಿಕಿತ್ಸೆ

ಈ ಪಟ್ಟಿಯಲ್ಲಿ ಎಲ್ಲರೂ ಮರೆಯುವ ಯೋಜನೆ ಇದು. ಗಾರ್ಮೆಂಟ್ಸ್, ಕಾರ್ಖಾನೆ, ಹೋಟೆಲ್, ಸೆಕ್ಯೂರಿಟಿ ಕೆಲಸ ಮಾಡಿ ಕನಿಷ್ಠ 5 ವರ್ಷ ಇಎಸ್‌ಐ ವಿಮೆಯಲ್ಲಿದ್ದು ವಯೋನಿವೃತ್ತಿ ಹೊಂದಿದವರು, ಅಥವಾ ಸ್ವಯಂನಿವೃತ್ತಿ ಪಡೆದವರು, ವರ್ಷಕ್ಕೆ 120 ರೂ. ಕಟ್ಟಿ ತಮಗೂ ಗಂಡ ಅಥವಾ ಹೆಂಡತಿಗೂ ಚಿಕಿತ್ಸೆ ಮುಂದುವರಿಸಿಕೊಳ್ಳಬಹುದು. ಸಂಗಾತಿಯ ವಯಸ್ಸು ಎಷ್ಟಿದ್ದರೂ ಆಗುತ್ತದೆ. ಡಿಸ್ಪೆನ್ಸರಿಯಲ್ಲಿ ತಿಂಗಳ ಔಷಧಿಯೂ ಸಿಗುತ್ತದೆ. ಬೆಂಗಳೂರಿನ ರಾಜಾಜಿನಗರ, ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜು ಮಟ್ಟದ ಇಎಸ್‌ಐ ಆಸ್ಪತ್ರೆಗಳಿವೆ.

ಸಂಬಳ ಏರಿ ಇಎಸ್‌ಐ ಮಿತಿ ದಾಟಿದ್ದರಿಂದ ನಿವೃತ್ತಿಗೆ ಮೊದಲೇ ಹೊರಬಿದ್ದವರಿಗೆ ಮೊದಲು ಇದು ಸಿಗುತ್ತಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಇಎಸ್‌ಐ ನಿಗಮ ಅವರಿಗೂ ಷರತ್ತಿನ ಮೇಲೆ ದಾರಿ ಮಾಡಿಕೊಟ್ಟಿತು: 2012ರ ಏಪ್ರಿಲ್ 1ರ ನಂತರ ಕನಿಷ್ಠ 5 ವರ್ಷ ವಿಮೆಯಲ್ಲಿದ್ದು, 2017ರ ಏಪ್ರಿಲ್ 1ರಂದು ಅಥವಾ ಆಮೇಲೆ ನಿವೃತ್ತರಾಗಿದ್ದು, ಸಂಬಳ ತಿಂಗಳಿಗೆ 30,000 ರೂ. ಮೀರಿರಬಾರದು. ಹಳೆಯ ಇಎಸ್‌ಐ ನಂಬರ್ ಹುಡುಕಿಕೊಂಡು ಹತ್ತಿರದ ಶಾಖಾ ಕಚೇರಿಗೆ ಹೋಗಿ ವಿಚಾರಿಸಿ. ಹಳೆಯ ಕಂಪನಿ ಮುಚ್ಚಿಹೋಗುವ ಮುನ್ನವೇ ನಿವೃತ್ತಿಯ ಪತ್ರ ಪಡೆದಿಟ್ಟುಕೊಂಡವರಿಗೆ ಈ ಕೆಲಸ ಸಲೀಸು. ಪ್ರತಿ ವರ್ಷ ನವೀಕರಿಸಬೇಕು, ಅದು ತಪ್ಪಿದರೆ ಅಡ್ಮಿಟ್ ಹೊತ್ತಿನಲ್ಲಿ ಕಾರ್ಡ್ ಚಾಲ್ತಿಯಲ್ಲಿ ಇರುವುದಿಲ್ಲ.

ಮಕ್ಕಳ ಕಡೆಯಿಂದಲೂ ಒಂದು ದಾರಿ ಇದೆ. ಮಗ ಅಥವಾ ಮಗಳು 21,000 ರೂ. ಸಂಬಳದ ಮಿತಿಯೊಳಗೆ ಇಎಸ್‌ಐನಲ್ಲಿದ್ದರೆ, ತಿಂಗಳಿಗೆ 9,000 ರೂ. ಆದಾಯ ಮೀರದ ಅವಲಂಬಿತ ತಂದೆ–ತಾಯಿಯ ಹೆಸರನ್ನು ಸೇರಿಸಬಹುದು. ಕೆಲಸಕ್ಕೆ ಸೇರುವಾಗ ಅರ್ಜಿಯಲ್ಲಿ ಅಪ್ಪ–ಅಮ್ಮನ ಹೆಸರು ಬರೆಯದೆ ಬಿಟ್ಟವರು ಈಗಲೂ ಎಚ್‌ಆರ್ ವಿಭಾಗಕ್ಕೆ ಹೇಳಿ ಸೇರಿಸಿಕೊಳ್ಳಿ.

ಇಎಸ್‌ಐನ ಕೊರತೆ ಜನಸಂದಣಿ ಮತ್ತು ದೂರ. ಬೆಳಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಜೊತೆಗೊಬ್ಬರು ಬೇಕು. ಆ ಒಬ್ಬರು ಮನೆಯಲ್ಲಿದ್ದರೆ ಇಷ್ಟು ಕಡಿಮೆ ಹಣಕ್ಕೆ ಇಷ್ಟು ಕೊಡುವ ಇನ್ನೊಂದು ಯೋಜನೆ ಇಲ್ಲ.

ಯಶಸ್ವಿನಿ

ಸಹಕಾರ ಸಂಘದ ಸದಸ್ಯರಿಗೆ ಮಾತ್ರ. 2022–23ರಲ್ಲಿ ಮತ್ತೆ ಶುರುವಾದಾಗ ನಾಲ್ಕು ಜನರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂ., ನಗರದವರಿಗೆ 1,000 ರೂ. ಎಂದು ನಿಗದಿಯಾಯಿತು. ರಕ್ಷಣೆ ಕುಟುಂಬಕ್ಕೆ 5 ಲಕ್ಷ. ಹಾಲಿನ ಸೊಸೈಟಿ, ಕೃಷಿ ಪತ್ತಿನ ಸಂಘದಲ್ಲಿ ಸದಸ್ಯತ್ವ ಇರುವ, ಆದರೆ ಬಿಪಿಎಲ್ ಕಾರ್ಡ್ ಇಲ್ಲದ ರೈತ ಮನೆಗೆ ಇದು ಬಹಳ ಪ್ರಯೋಜನಕಾರಿ, ಏಕೆಂದರೆ ಅವರಿಗೆ ಆರೋಗ್ಯ ಕರ್ನಾಟಕದಲ್ಲಿ ಸಿಗುವುದು ಶೇ. 30 ಮಾತ್ರ. ನೋಂದಣಿ ವರ್ಷದ ಕೆಲವೇ ತಿಂಗಳು ತೆರೆದಿರುತ್ತದೆ. ಕಾಯಿಲೆ ಬಂದ ಮೇಲೆ ಸೊಸೈಟಿಗೆ ಓಡಿದರೆ ಆಗದು.

ಖಾಸಗಿ ಪಾಲಿಸಿ ಇಟ್ಟುಕೊಳ್ಳುವುದೇ, ಬಿಡುವುದೇ?

ಕಂತು ವರ್ಷವರ್ಷ ಏರುವುದು ನೋಡಿದರೆ ಬಿಡೋಣ ಅನ್ನಿಸುವುದು ಸಹಜ. ಬಿಡುವ ಮುನ್ನ ಕೆಲವು ಬದಲಾವಣೆಗಳು ಗೊತ್ತಿರಲಿ. 2024ರ ಏಪ್ರಿಲ್‌ನಿಂದ ವಿಮಾ ಪ್ರಾಧಿಕಾರವು 65 ದಾಟಿದವರಿಗೂ ಪಾಲಿಸಿ ಕೊಡುವ ದಾರಿ ತೆರೆಯಿತು, ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 3 ವರ್ಷ ಮೀರಬಾರದು ಎಂದಿತು. ಬಿಡದೆ 5 ವರ್ಷ ಕಟ್ಟಿದ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ. 2025ರ ಜನವರಿಯಿಂದ, ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18 ಜಿಎಸ್‌ಟಿ ಇಲ್ಲ.

ಹತ್ತು ವರ್ಷ ಕಟ್ಟಿದ ಪಾಲಿಸಿಯ ಬೆಲೆ ಅದರ ಮೊತ್ತದಲ್ಲಷ್ಟೇ ಇಲ್ಲ. ಕಾಯುವ ಅವಧಿ ಮುಗಿದಿದೆ, ರೆಫರಲ್ ಬೇಡ, ನಿಮ್ಮ ಡಾಕ್ಟರ್ ಇರುವ ಆಸ್ಪತ್ರೆಗೇ ಹೋಗಬಹುದು. ಕಂತು ಭಾರವಾದರೆ ಪೂರ್ತಿ ಬಿಡುವ ಬದಲು ಮೊತ್ತ ಇಳಿಸಿ, ಅಥವಾ ಬಿಲ್ಲಿನಲ್ಲಿ ಒಂದು ಪಾಲು ನೀವೇ ಭರಿಸುವ ಷರತ್ತನ್ನು ಒಪ್ಪಿ ಕಂತು ತಗ್ಗಿಸಿಕೊಳ್ಳಿ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಹಿರಿಯರ ವಿಮಾ ಕಂತಿಗೆ ವರ್ಷಕ್ಕೆ 50,000 ರೂ.ವರೆಗೆ 80ಡಿ ವಿನಾಯಿತಿ ಇದೆ. ವಿಮೆಯೇ ಇಲ್ಲದ ಹಿರಿಯರ ಚಿಕಿತ್ಸಾ ವೆಚ್ಚಕ್ಕೂ ಇದೇ ಮಿತಿಯಲ್ಲಿ ಅದು ಸಿಗುತ್ತದೆ. ಬಿಲ್ ಹಣವನ್ನು ನಗದಾಗಿ ಕೊಟ್ಟಿರಬಾರದು ಅಷ್ಟೆ.

ಒಂದು ಲೆಕ್ಕಾಚಾರದಲ್ಲಿ ಮಾತ್ರ ಎಡವಬೇಡಿ. ‘ಮೊದಲ 5 ಲಕ್ಷ ಆಯುಷ್ಮಾನ್, ಅದರ ಮೇಲಿನದ್ದು ಸೂಪರ್ ಟಾಪ್‌ಅಪ್’ (ನಿಗದಿತ ಮೊತ್ತ ದಾಟಿದ ಬಿಲ್ಲಿಗೆ ಮಾತ್ರ ಹಣ ಕೊಡುವ ಖಾಸಗಿ ಪಾಲಿಸಿ) ಎಂದು ಕಾಗದದ ಮೇಲೆ ಜೋಡಿಸುವವರಿದ್ದಾರೆ. ಆಯುಷ್ಮಾನ್ ಅಡಿ ಚಿಕಿತ್ಸೆಯಾದರೆ ನಿಮ್ಮ ಹೆಸರಿನಲ್ಲಿ ನೀವು ಕಟ್ಟಬೇಕಾದ ಬಿಲ್ಲೇ ಹುಟ್ಟುವುದಿಲ್ಲ, ಅದು ಪ್ಯಾಕೇಜ್ ದರದಲ್ಲಿ ಆಸ್ಪತ್ರೆಗೂ ಟ್ರಸ್ಟಿಗೂ ನಡುವೆ ಮುಗಿಯುವ ವ್ಯವಹಾರ. ಟಾಪ್‌ಅಪ್ ನೋಡುವುದು ಖಾಸಗಿ ರೋಗಿಯ ಬಿಲ್ಲನ್ನು. ಅಡ್ಮಿಟ್ ಆಗುವಾಗಲೇ ಯಾವುದರ ಅಡಿ ಎಂದು ತೀರ್ಮಾನಿಸಿ ಹೇಳಬೇಕು.

ಯಾವ ಮನೆಗೆ ಯಾವುದು

ಬಿಪಿಎಲ್ ಮನೆಯಲ್ಲಿ ಹೆಚ್ಚು ಯೋಚನೆ ಬೇಡ. ಪಡಿತರ ಚೀಟಿಯ ಮೇಲಿನ ಆರೋಗ್ಯ ಕರ್ನಾಟಕ ಇದ್ದೇ ಇದೆ. 70 ತುಂಬಿದವರಿಗೆ ವಯ ವಂದನಾ ಕೂಡ ಮಾಡಿಸಿ ಇಟ್ಟುಕೊಳ್ಳಿ. ತಿಂಗಳ ಬಿಪಿ–ಶುಗರ್ ಮಾತ್ರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ. ಅಲ್ಲಿ ಸಿಗದ್ದಕ್ಕೆ ಜನೌಷಧಿ ಕೇಂದ್ರ ನೋಡಿ.

ಕಾರ್ಖಾನೆಯಿಂದ ನಿವೃತ್ತರಾದವರಿಗೆ 120 ರೂ. ಇಎಸ್‌ಐ ಮೊದಲು, 70 ಆದ ಮೇಲೆ ವಯ ವಂದನಾ ಅದರ ಜೊತೆಗೆ. ಎರಡೂ ಒಟ್ಟಿಗೆ ಇರಬಹುದು. ತಿಂಗಳ ಔಷಧಿಗೆ ಒಂದು, ದೊಡ್ಡ ಚಿಕಿತ್ಸೆಗೆ ಎರಡು ದಾರಿ.

ಕೇಂದ್ರದ ಪಿಂಚಣಿದಾರರು, ಮಾಜಿ ಸೈನಿಕರು ಇರುವುದರಲ್ಲೇ ಉಳಿಯಿರಿ. ಆಯುಷ್ಮಾನ್ ಆ್ಯಪ್‌ನಲ್ಲಿ ಯಾರೋ ಮಾಡಿಕೊಡುತ್ತೇನೆಂದಾಗ ‘ಬೇರೆ ಯೋಜನೆ ಬಿಡುತ್ತೇನೆ’ ಎಂಬ ಘೋಷಣೆಗೆ ತಿಳಿಯದೆ ಒಪ್ಪಿಗೆ ಒತ್ತಬೇಡಿ. ಬಿಟ್ಟರೆ ಮರಳುವುದು ಆಗುವುದಿಲ್ಲ ಎಂದುಕೊಂಡೇ ನಡೆದುಕೊಳ್ಳಿ.

ಖಾಸಗಿ ಕೆಲಸದಿಂದ ನಿವೃತ್ತರಾದ ಎಪಿಎಲ್ ದಂಪತಿ, ಗಂಡನಿಗೆ 74, ಹೆಂಡತಿಗೆ 68, ಕೈಯಲ್ಲಿ ಹಳೆಯ ಪಾಲಿಸಿ. ಇಬ್ಬರಿಗೂ ಒಂದೇ ಪಾಲಿಸಿಯಿದ್ದರೆ ಬಿಡಬಾರದು, ಏಕೆಂದರೆ ಹೆಂಡತಿಗೆ ಇನ್ನೆರಡು ವರ್ಷ ಅದೇ ಮುಖ್ಯ ಆಸರೆ. ಬೇರೆ ಬೇರೆ ಪಾಲಿಸಿಯಿದ್ದು ಹಣ ಸಾಲದಿದ್ದರೆ ಗಂಡನ ಪಾಲಿಸಿಯ ಮೊತ್ತ ಇಳಿಸಬಹುದು, ಅವರಿಗೆ ವಯ ವಂದನಾ ಇರುತ್ತದೆ.

ಎಲ್ಲರಿಗಿಂತ ಕಷ್ಟದಲ್ಲಿರುವವರು ಅರವತ್ತರಿಂದ ಅರವತ್ತೊಂಬತ್ತರ ಎಪಿಎಲ್ ಮಂದಿ. ವಯ ವಂದನಾಗೆ ವಯಸ್ಸಾಗಿಲ್ಲ, ಆರೋಗ್ಯ ಕರ್ನಾಟಕ ಶೇ. 30. ಸೊಸೈಟಿ ಸದಸ್ಯತ್ವ ಇದ್ದರೆ ಯಶಸ್ವಿನಿ. ಇಲ್ಲದಿದ್ದರೆ ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರುವ ಆರೋಗ್ಯ ಸಂಜೀವನಿ ಪಾಲಿಸಿ ನೋಡಿ. ಪ್ರತಿ ಕ್ಲೇಮ್‌ನಲ್ಲಿ ಶೇ. 5 ನಿಮ್ಮದು, ಕಣ್ಣಿನ ಪೊರೆಗೆ ಕಣ್ಣಿಗೊಂದರಂತೆ 40,000 ರೂ. ಅಥವಾ ವಿಮಾ ಮೊತ್ತದ ಶೇ. 25, ಯಾವುದು ಕಡಿಮೆಯೋ ಅದು. ಷರತ್ತು ಎಲ್ಲೆಡೆ ಒಂದೇ ಆದ್ದರಿಂದ ಕಂತನ್ನೂ ನಿಮ್ಮೂರಿನ ಆಸ್ಪತ್ರೆಗಳ ಪಟ್ಟಿಯನ್ನೂ ಹೋಲಿಸಿದರೆ ಸಾಕು. ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಬರೆಯಲೇಬೇಕು.

ಕಾರ್ಡ್ ಮಾಡಿಸುವಾಗ

ವಯ ವಂದನಾಗೆ ಬೇಕಾದ್ದು ಆಧಾರ್ ಒಂದೇ. ಆಯುಷ್ಮಾನ್ ಆ್ಯಪ್‌ನಲ್ಲಿ ಮನೆಯಲ್ಲೇ ಮಾಡಬಹುದು, ಸಾಮಾನ್ಯ ಸೇವಾ ಕೇಂದ್ರದಲ್ಲೂ ಆಗುತ್ತದೆ. ಸಹಾಯವಾಣಿ 14555. ಸಿಕ್ಕಿಕೊಳ್ಳುವುದು ಮೂರು ಕಡೆ. ಒಂದು, ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆಯಾಗಿಲ್ಲ, ಒಟಿಪಿ ಬರುವುದಿಲ್ಲ. ಆಗ ಬೆರಳಚ್ಚು. ಎರಡು, ದುಡಿದ ಕೈಗಳ ಬೆರಳ ಗೆರೆ ಸವೆದು ಯಂತ್ರ ಹಿಡಿಯುವುದಿಲ್ಲ. ಆಗ ಕಣ್ಣಿನ ಪಾಪೆ ಅಥವಾ ಮುಖ ಗುರುತಿನ ದಾರಿ ಕೇಳಿ. ಮೂರು, ಆಧಾರ್‌ನಲ್ಲಿ ಹುಟ್ಟಿದ ವರ್ಷ ತಪ್ಪು. 73 ವರ್ಷದವರು ಕಾಗದದಲ್ಲಿ 67 ಆಗಿರುತ್ತಾರೆ. ಜನ್ಮದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಸರಿಯಾದ ದಾಖಲೆ ಹಿಡಿದೇ ಹೋಗಿ.

ಇನ್ನೊಂದು ಗೊಂದಲ: ಆಭಾ ಕಾರ್ಡ್. 14 ಅಂಕಿಯ ಆಭಾ ಸಂಖ್ಯೆ ನಿಮ್ಮ ವೈದ್ಯಕೀಯ ದಾಖಲೆಗಳ ಗುರುತು ಮಾತ್ರ. ಅದು ವಿಮೆಯಲ್ಲ, ಅದರಿಂದ ಒಂದು ರೂಪಾಯಿಯ ಚಿಕಿತ್ಸೆಯೂ ಸಿಗದು. ಕೈಯಲ್ಲಿರುವುದು ಯಾವುದು ಎಂದು ಈಗಲೇ ತೆಗೆದು ನೋಡಿ.

ಆಸ್ಪತ್ರೆಯ ಕೌಂಟರ್‌ನಲ್ಲಿ

ಆರೋಗ್ಯ ಮಿತ್ರರ ಮೇಜು ಸಾಮಾನ್ಯವಾಗಿ ನೋಂದಣಿ ಕೌಂಟರ್ ಬಳಿಯೇ ಇರುತ್ತದೆ. ಮುಂಗಡ ಕಟ್ಟುವ ಮೊದಲು ಅಲ್ಲಿಗೆ ಹೋಗಿ. ಈ ವಿಭಾಗಕ್ಕೆ ನಿಮ್ಮ ಆಸ್ಪತ್ರೆ ಪಟ್ಟಿಯಲ್ಲಿದೆಯೇ, ಡಾಕ್ಟರ್ ಬರೆದ ಈ ಚಿಕಿತ್ಸೆಗೆ ಪ್ಯಾಕೇಜ್ ಇದೆಯೇ, ರೆಫರಲ್ ಬೇಕೇ ಎಂದು ಕೇಳಿ. ಆಸ್ಪತ್ರೆ ಆನ್‌ಲೈನ್‌ನಲ್ಲಿ ಪೂರ್ವಾನುಮತಿ ಕೇಳಿ ಒಪ್ಪಿಗೆ ಬಂದ ಮೇಲೆ ಶಸ್ತ್ರಚಿಕಿತ್ಸೆ ನಡೆಯಬೇಕು. ನಗದು ಕಟ್ಟಿ ಅಡ್ಮಿಟ್ ಆಗಿ, ಆಪರೇಷನ್ ಮುಗಿದ ಮೇಲೆ ಕಾರ್ಡ್ ತೋರಿಸಿದರೆ ಆ ಹಣ ವಾಪಸ್ ಬರುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ಪೂರ್ತಿ ಉಚಿತದ ಪ್ಯಾಕೇಜಿನಲ್ಲಿ ಔಷಧಿ, ಸ್ಟೆಂಟ್‌ನಂಥ ಸಾಧನ, ವಾರ್ಡ್, ಊಟ ಎಲ್ಲ ಸೇರಿರುತ್ತದೆ. ‘ಇದಕ್ಕಿಂತ ಒಳ್ಳೆಯ ಸ್ಟೆಂಟ್ ಹಾಕುತ್ತೇವೆ, ವ್ಯತ್ಯಾಸ ಕೊಡಿ’ ಎಂದರೆ ಅಲ್ಲೇ ಒಪ್ಪಬೇಡಿ. ಆರೋಗ್ಯ ಮಿತ್ರರನ್ನು ಕರೆಸಿ, 14555ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಕೊಡಲೇಬೇಕಾದ ಪರಿಸ್ಥಿತಿ ಬಂದರೆ ರಸೀದಿ ಇಲ್ಲದೆ ಒಂದು ಪೈಸೆಯನ್ನೂ ಕೊಡಬೇಡಿ, ಆ ರಸೀದಿ ಇಲ್ಲದೆ ಮುಂದೆ ದೂರು ನಿಲ್ಲುವುದಿಲ್ಲ. ಪ್ರತ್ಯೇಕ ಕೋಣೆ ಬೇಕೆಂದು ಕೇಳಿದರೆ ಯೋಜನೆಯ ಸೌಲಭ್ಯವೇ ತಪ್ಪಬಹುದು, ಅದನ್ನು ಮೊದಲೇ ಕೇಳಿಕೊಳ್ಳಿ.

ಒಂದು ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಆಧಾರ್, ಪಡಿತರ ಚೀಟಿ, ಯೋಜನೆಯ ಕಾರ್ಡ್ ಇವುಗಳ ತಲಾ ಮೂರು ಜೆರಾಕ್ಸ್, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಹಿಂದಿನ ಡಿಸ್ಚಾರ್ಜ್ ಸಾರಾಂಶ ಹಾಕಿಡಿ. ಆಧಾರ್‌ನಲ್ಲೂ ಪಡಿತರ ಚೀಟಿಯಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ ನೋಡಿ. ಒಂದರಲ್ಲಿ ‘ಲಕ್ಷ್ಮಮ್ಮ’, ಇನ್ನೊಂದರಲ್ಲಿ ‘ಲಕ್ಷ್ಮೀದೇವಮ್ಮ’ ಇದ್ದರೆ ರಾತ್ರಿ ಎರಡು ಗಂಟೆಗೆ ತುರ್ತು ವಿಭಾಗದಲ್ಲಿ ಅದನ್ನು ಸರಿಪಡಿಸಲು ಯಾರೂ ಇರುವುದಿಲ್ಲ. ಈ ವಾರವೇ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ.